ಸೂರ್ಯ ಮುಳುಗಿದ ಮೇಲೆ ಒಡೆದ ಲಕೋಟೆ

ಸರ್ಕಾರಿ ಕಾಲೇಜಿನ ಪರೀಕ್ಷಾ ವೇಳಾಪಟ್ಟಿ ನನ್ನ ಕೈಗೆ ಬಂದ ಮೊದಲ ವರ್ಷವೇ ತಪ್ಪು ಮಾಡಿದೆ. ಶನಿವಾರದ ಪತ್ರಿಕೆ ಬರೆಯಲಾರೆ ಎಂದು ಒಬ್ಬ ಹುಡುಗಿ ಬಂದು ನಿಂತಿದ್ದಳು. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಸೂರ್ಯಾಸ್ತದವರೆಗೆ ಅವಳಿಗೆ ಸಬ್ಬತ್, ಅಂದರೆ ಕೆಲಸ ಮಾಡಬಾರದ ಪವಿತ್ರ ವಿಶ್ರಾಂತಿಯ ಹೊತ್ತು. "ನಿಯಮ ಎಲ್ಲರಿಗೂ ಒಂದೇ ಅಮ್ಮಾ" ಎಂದು ಕಳಿಸಿಬಿಟ್ಟೆ. ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ 'ಗೈರು' ಎಂದು ಬರೆದದ್ದೂ ನಾನೇ. ಅವಳ ಒಂದು ವರ್ಷ ಹೋಯಿತು.

ಆಮೇಲೆ ನಿಯಮಾವಳಿ ತೆಗೆದು ಓದಿದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ, ಅದು ಸೋರಿಕೆಯಾಗಬಾರದು, ಇಷ್ಟೇ ಅಲ್ಲಿದ್ದದ್ದು. ಎಲ್ಲರೂ ಒಂದೇ ಹೊತ್ತಿಗೆ ಬರೆಯಬೇಕೆಂಬುದು ನಾವು ಮಾಡಿಕೊಂಡ ರೂಢಿ.

ಮರುವರ್ಷ ಅದೇ ತೊಡಕಿನ ಹುಡುಗನೊಬ್ಬ ಬಂದ. ಬೆಳಗಿನ ಪರೀಕ್ಷೆ ಶುರುವಾಗುವ ಮುಂಚೆಯೇ ಅವನನ್ನು ಬೇರೆ ಕೋಣೆಯಲ್ಲಿ ಕೂರಿಸಿದೆವು. ಫೋನ್ ಇಲ್ಲ, ಶೌಚಾಲಯಕ್ಕೂ ಮೇಲ್ವಿಚಾರಕರು ಜೊತೆಗೆ. ಸಂಜೆ ಬಿಸಿಲು ಗೋಡೆಯಿಂದ ಇಳಿದ ಮೇಲೆ ಅವನೆದುರಿಗೇ ಲಕೋಟೆಯ ಅರಗು ಒಡೆದೆ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದವನು ಪೆನ್ನು ಹಿಡಿದ ಕೂಡಲೇ ಬರೆಯತೊಡಗಿದ.

ಈಗ ಪ್ರವೇಶದ ಅರ್ಜಿಯಲ್ಲೇ 'ಯಾವ ದಿನ, ಯಾವ ಹೊತ್ತು ನಿಮಗೆ ಆಗದು?' ಎಂದು ಕೇಳುತ್ತೇವೆ. ಧರ್ಮದ ಹೆಸರು ಕೇಳುವುದಿಲ್ಲ. ಡಯಾಲಿಸಿಸ್‌ಗೆ ಹೋಗುವವರಿಗೂ ಅದೇ ಸಾಲು. ತಲೆವಸ್ತ್ರ ಧರಿಸಿದವರ ಕಿವಿಯಲ್ಲಿ ಇಯರ್‌ಫೋನ್ ಇದೆಯೇ ಎಂದು ಪರದೆಯ ಹಿಂದೆ ಮಹಿಳಾ ಸಿಬ್ಬಂದಿ ನೋಡುತ್ತಾರೆ. ಅದಕ್ಕಾಗಿ ಅರ್ಧ ಗಂಟೆ ಮುಂಚೆ ಬರಬೇಕು. ಸಿಖ್ಖರು ಧರ್ಮದ ಗುರುತಾಗಿ ಧರಿಸುವ ಕಿರುಗತ್ತಿಯಾದ ಕೃಪಾಣದ ಮಾತು ಬಂದಾಗ ಕೆನಡಾದ ಸುಪ್ರೀಂ ಕೋರ್ಟಿನ 2006ರ ತೀರ್ಪು ನೆರವಾಯಿತು: ಮರದ ಒರೆಯಲ್ಲಿಟ್ಟು, ಬಟ್ಟೆ ಸುತ್ತಿ ಹೊಲಿದು, ಉಡುಪಿನೊಳಗೆ ಇಟ್ಟುಕೊಂಡರೆ ಶಾಲೆಗೆ ತರಬಹುದು ಎಂದಿತ್ತು ಅದು.

ಒಲ್ಲೆ ಎಂದದ್ದೂ ಉಂಟು. ವಿಕಾಸವಾದದ ಪ್ರಶ್ನೆ ಬಿಡಿ ಎಂದವರಿಗೆ, ನಮ್ಮ ಮತದವರೇ ಮೇಲ್ವಿಚಾರಣೆಗೆ ಬರಲಿ ಎಂದವರಿಗೆ. ಹೊತ್ತು ಹಿಂದೆಮುಂದೆ ಮಾಡಬಲ್ಲೆ, ಪಾಠ ಬದಲಿಸಲಾರೆ. ಇದರಲ್ಲಿ ನನಗೆ ಅನುಮಾನವಿಲ್ಲ.

ರಂಜಾನ್ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ, ಹಬ್ಬ ಚಂದ್ರದರ್ಶನದ ಮೇಲೆ ನಿಂತಿದೆ. ಹಾಗಾಗಿ ಆ ವಾರ ಎರಡು ದಿನ ಖಾಲಿ ಬಿಡುತ್ತೇನೆ. 2030ರಲ್ಲಿ ರಂಜಾನ್ ಜನವರಿಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಶುರುವಾಗುತ್ತದೆ. ಆಗ ಈ ಕುರ್ಚಿಯಲ್ಲಿ ಯಾರಿರುತ್ತಾರೋ, ಅವರಿಗೆಂದು ಕಡತದ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.