ಖಾಲಿ ರೇಕ್ ಖಾಲಿ ಅಲ್ಲ: ದೇಸೂರು ಕಡೆಯ ಎಣ್ಣೆ ಸೈಡಿಂಗಿನ ಕೆಲಸ

ಬೆಳಗಾವಿಯಿಂದ ಲೋಂಡಾ ಕಡೆ ಹೋಗುವ ದಾರಿಯಲ್ಲಿ ದೇಸೂರು ಸಿಗುತ್ತದೆ. ಪ್ಯಾಸೆಂಜರ್ ಗಾಡಿಯವರಿಗೆ ಅದು ಸಣ್ಣ ಸ್ಟೇಷನ್, ಎಣ್ಣೆ ಕೆಲಸದವರಿಗೆ ಡಿಪೋ ಊರು. ಪೆಟ್ರೋಲ್, ಡೀಸೆಲ್ ತುಂಬಿದ ಟ್ಯಾಂಕ್ ವ್ಯಾಗನ್ ರೇಕನ್ನು (ಒಂದಕ್ಕೊಂದು ಜೋಡಿಸಿದ ವ್ಯಾಗನ್ನುಗಳ ಸಾಲು) ಸೈಡಿಂಗಿನಲ್ಲಿ (ಮುಖ್ಯ ಲೈನಿನಿಂದ ಡಿಪೋಕ್ಕೆ ಕವಲೊಡೆದ ಹಳಿ) ಇಳಿಸಿಕೊಂಡು, ಖಾಲಿ ಮಾಡಿ ರೈಲ್ವೆಗೆ ಮರಳಿ ಒಪ್ಪಿಸುವುದು ಇಲ್ಲಿಯ ಕೆಲಸ. ಪಾಳಿಗೆ ಹೊಸದಾಗಿ ಬಂದವರಿಗೆ ನಾವು ಹೇಳಿಕೊಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಹೊಸಬರು ಮೊದಲು ಎಡವುವುದು ‘ಕ್ಲಾಸ್’ ಎಂಬ ಮಾತಿನಲ್ಲಿ. ರೈಲ್ವೆಯವರ ಪುಸ್ತಕ ರೆಡ್ ಟಾರಿಫ್ ನಂ. 20. ಅದು ಅಪಾಯಕಾರಿ ಸರಕನ್ನು ಎಂಟು ವರ್ಗ ಮಾಡುತ್ತದೆ: ಸ್ಫೋಟಕ, ಒತ್ತಡದ ಗ್ಯಾಸ್, ಉರಿಯುವ ದ್ರವ, ಉರಿಯುವ ಘನವಸ್ತು, ಆಕ್ಸಿಡೈಸರ್, ವಿಷ, ವಿಕಿರಣ ವಸ್ತು, ಆ್ಯಸಿಡ್. ಇದರಲ್ಲಿ ಪೆಟ್ರೋಲೂ ಡೀಸೆಲ್ಲೂ ಎರಡೂ ಮೂರನೆಯ ವರ್ಗ. ಆದರೆ 2002ರ ಪೆಟ್ರೋಲಿಯಂ ನಿಯಮಗಳ ಲೆಕ್ಕ ಬೇರೆ. ಫ್ಲಾಶ್ ಪಾಯಿಂಟ್ (ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವ ಕನಿಷ್ಠ ಉಷ್ಣಾಂಶ) 23 ಡಿಗ್ರಿಗಿಂತ ಕೆಳಗಿದ್ದರೆ ಎ, 23ರಿಂದ 65ರ ಒಳಗಿದ್ದರೆ ಬಿ. ಅಂದರೆ ಪೆಟ್ರೋಲ್ ಎ, ಡೀಸೆಲ್ ಬಿ. ಒಂದೇ ವ್ಯಾಗನ್ನಿಗೆ ಸ್ಟೇಷನ್ ಆಫೀಸಿನಲ್ಲಿ ‘ಕ್ಲಾಸ್ ಮೂರು’, ಡಿಪೋ ರಿಜಿಸ್ಟರಿನಲ್ಲಿ ‘ಕ್ಲಾಸ್ ಎ’ ಎಂದು ಬರೆದಿದ್ದರೆ ಗಾಬರಿ ಬೀಳಬೇಡಿ, ಎರಡೂ ಸರಿ.

ಕಾನೂನಿನ ಬುಡ 1989ರ ರೈಲ್ವೆ ಕಾಯ್ದೆಯ 67ನೇ ಕಲಂ. ಸರಕು ಅಪಾಯದ್ದು ಎಂದು ಬರಹದಲ್ಲಿ ತಿಳಿಸಬೇಕು, ಹೊರಗೆ ಕಣ್ಣಿಗೆ ಕಾಣುವಂತೆ ಗುರುತು ಹಾಕಬೇಕು, ಇಲ್ಲದಿದ್ದರೆ ರೈಲ್ವೆಯವರು ಬೇಡ ಎನ್ನಬಹುದು. ಹೇಳದೆ ತಂದರೆ 164ನೇ ಕಲಂ: ಮೂರು ವರ್ಷದವರೆಗೆ ಸಜೆ, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ, ಮೇಲೆ ಆದ ನಷ್ಟವನ್ನೂ ಕಟ್ಟಿಕೊಡಬೇಕು. ಸಾವಿರ ರೂಪಾಯಿಗೆ ಈಗ ಯಾರೂ ಅಂಜುವುದಿಲ್ಲ, ಅಂಜಬೇಕಾದದ್ದು ನಷ್ಟದ ಮಾತಿಗೆ. ಬೈಕನ್ನು ಪಾರ್ಸೆಲ್ ಮಾಡುವಾಗ ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸುವುದೂ ಇದೇ ಕಾರಣಕ್ಕೆ.

ಇನ್ನು ರೇಕ್. ಬಿಟಿಪಿಎನ್ ಎನ್ನುವ ಎಂಟು ಗಾಲಿಯ ವ್ಯಾಗನ್ನಿನಲ್ಲಿ ಸುಮಾರು 70 ಕಿಲೋಲೀಟರ್ ಹಿಡಿಯುತ್ತದೆ. ಇಂಜಿನ್ನಿಗೂ ಮೊದಲ ಟ್ಯಾಂಕಿಗೂ ನಡುವೆ ಗಾರ್ಡ್ ವ್ಯಾಗನ್ ಇರಬೇಕು. ಗಾರ್ಡ್ ಸಾಹೇಬರು ಕೂರುವ ಬ್ರೇಕ್ ವ್ಯಾನ್ ಅಲ್ಲ ಇದು (ಅವರನ್ನು 2022ರಿಂದ ಟ್ರೈನ್ ಮ್ಯಾನೇಜರ್ ಎನ್ನುತ್ತಾರೆ). ಇಂಜಿನ್ನಿನ ಕಿಡಿ, ಬಿಸಿ, ಡಿಕ್ಕಿಯ ಏಟು ನೇರ ಟ್ಯಾಂಕಿಗೆ ತಾಗದಂತೆ ನಡುವೆ ಇಡುವ ವ್ಯಾಗನ್ ಅಷ್ಟೇ.

‘ರೇಕ್ ಪ್ಲೇಸ್ ಆತ್ರಿ ಸರ’ ಎಂದು ಫೋನ್ ಬಂದ ಕೂಡಲೇ ಪೈಪ್ ಹಿಡಿದು ಓಡಬಾರದು. ಇಂಜಿನ್ ಹೊರಗೆ ಹೋಗಲಿ, ಗೇಟಿಗೆ ಬೀಗ ಬೀಳಲಿ. ಹ್ಯಾಂಡ್ ಬ್ರೇಕ್ ಬಿಗಿ ಮಾಡಿ, ಎರಡೂ ತುದಿಯ ಗಾಲಿಗೆ ಮರದ ಬೆಣೆ ಕೊಟ್ಟು, ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ಇಡಬೇಕು. ಹೈಡ್ರಂಟ್ (ಬೆಂಕಿ ಆರಿಸುವ ನೀರಿನ ನಲ್ಲಿ) ಒತ್ತಡವನ್ನು ಪಂಪ್ ಹೌಸಿನ ಗೇಜಿನಲ್ಲಿ ನೋಡಿದರೆ ಸಾಲದು, ಅತಿ ದೂರದ ಹೈಡ್ರಂಟಿನಲ್ಲಿ ಚದರ ಸೆಂಟಿಮೀಟರಿಗೆ 7 ಕೆಜಿ ಬರುತ್ತದೆಯೋ ನೋಡಿ.

ಲೈನಿಗೆ ವಿದ್ಯುತ್ ಬಂದ ಮೇಲೆ ಒಂದು ಹೊಸ ಜವಾಬ್ದಾರಿ ಸೇರಿದೆ. 25 ಸಾವಿರ ವೋಲ್ಟಿನ ತಂತಿಯಿಂದ ಇಂಜಿನ್ ಎಳೆದುಕೊಂಡ ಕರೆಂಟ್ ಹಳಿಯ ಮೂಲಕವೇ ವಾಪಸ್ಸಾಗುತ್ತದೆ. ಅದು ಸೈಡಿಂಗಿನ ಹಳಿಗೆ ಬಂದರೆ, ಹೋಸ್ ಬಿಚ್ಚುವ ಹೊತ್ತಿಗೆ ಕಿಡಿ ಹಾರಬಹುದು. ಅದಕ್ಕೇ ಸೈಡಿಂಗಿನ ಬಾಯಲ್ಲಿ ಹಳಿಗೆ ಕರೆಂಟ್ ದಾಟದ ಇನ್ಸುಲೇಟೆಡ್ ಜಾಯಿಂಟ್ ಹಾಕಿರುತ್ತಾರೆ. ಜಾಯಿಂಟ್ ಇದೆ ಎಂದು ನಿಶ್ಚಿಂತರಾಗುವವರು ಮರೆಯುವುದು ಒಂದನ್ನು: ವ್ಯಾಗನ್ನಿನ ಒಂದು ಬೋಗಿ (ಕೆಳಗಿನ ನಾಲ್ಕು ಗಾಲಿಯ ಚೌಕಟ್ಟು) ಜಾಯಿಂಟಿನ ಆಚೆ, ಇನ್ನೊಂದು ಈಚೆ ನಿಂತರೆ ವ್ಯಾಗನ್ನೇ ಸೇತುವೆ, ಜಾಯಿಂಟ್ ಇದ್ದೂ ಇಲ್ಲದ ಹಾಗೆ. ಕೊನೆಯ ವ್ಯಾಗನ್ ಜಾಯಿಂಟ್ ದಾಟಿ ಪೂರ್ತಿ ಒಳಗೆ ಬಂದಿದೆಯೋ ಇಲ್ಲವೋ ಎಂಬುದನ್ನು ನಡೆದುಹೋಗಿ ನೋಡಬೇಕು. ತಂತಿ ಇರುವ ಯಾರ್ಡ್ ಲೈನಿನಲ್ಲಿ ವ್ಯಾಗನ್ ನಿಂತಿದ್ದರೆ, ಮೇಲಿನ ಸೀಲ್ ನೋಡುವ ನೆಪಕ್ಕೂ ಏಣಿ ಹತ್ತಬಾರದು. ಸೋರಿಕೆಯೇ ಆಗಿದ್ದರೂ ಪವರ್ ಬ್ಲಾಕ್ (ತಂತಿಯ ಕರೆಂಟ್ ನಿಲ್ಲಿಸಿದ ಅನುಮತಿ) ಸಿಕ್ಕ ಮೇಲೆಯೇ ಹತ್ತುವುದು.

ರಸೀದಿಯ ಜೊತೆ ವ್ಯಾಗನ್ ನಂಬರ್, ಸೀಲ್ ನಂಬರ್ ತಾಳೆ ನೋಡುವಾಗ ಒಂದು ಉಪಾಯ. ನಂಬರಿನಲ್ಲಿ 11 ಅಂಕಿ: ಮೊದಲೆರಡು ವ್ಯಾಗನ್ ಜಾತಿ, ಮುಂದಿನೆರಡು ಯಾವ ರೈಲ್ವೆಯದ್ದು, ಆಮೇಲಿನೆರಡು ತಯಾರಾದ ವರ್ಷ, ನಂತರ ನಾಲ್ಕು ಕ್ರಮಸಂಖ್ಯೆ, ಕೊನೆಯದು ತಾಳೆ ಅಂಕಿ. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದ ಅಂಕಿಗಳನ್ನು ಕೂಡಿಸಿ ಮೂರರಿಂದ ಗುಣಿಸಿ, ಅದಕ್ಕೆ ಒಂದು, ಮೂರು, ಐದು, ಏಳು, ಒಂಬತ್ತನೇ ಜಾಗದ್ದನ್ನು ಸೇರಿಸಿ. ಮುಂದಿನ ಹತ್ತರ ಮಡಿಗೆ ಎಷ್ಟು ಕಡಿಮೆ ಬಿತ್ತೋ ಅದೇ ಹನ್ನೊಂದನೇ ಅಂಕಿ. ಮಳೆಯಲ್ಲಿ ತೊಯ್ದ ಚೀಟಿಯ 3 ಯಾವುದು, 8 ಯಾವುದು ಎಂದು ಜಗಳ ಬಿದ್ದಾಗ ಇದು ಕೆಲಸಕ್ಕೆ ಬರುತ್ತದೆ.

ಟ್ಯಾಂಕಿನ ನೆತ್ತಿಯ ಬಾಯಿ, ಅಂದರೆ ಡೋಮ್, ತೆರೆಯುವಾಗ ಗಾಳಿ ಬೆನ್ನಿಗೆ ಬರುವಂತೆ ನಿಲ್ಲಿ. ಎಣ್ಣೆಯ ಮಟ್ಟ ಅಳೆಯುವ ಡಿಪ್ ರಾಡಿನ ತುದಿಗೆ ನೀರು ಗುರುತಿಸುವ ಪೇಸ್ಟ್ ಸವರಿ ಇಳಿಸಿ. ನಂತರ ಸ್ಯಾಂಪಲ್, ಉಷ್ಣಾಂಶ, ಡೆನ್ಸಿಟಿ. 15 ಡಿಗ್ರಿಗೆ ತಿರುಗಿಸಿದ ಡೆನ್ಸಿಟಿ ಕಳಿಸಿದವರ ಲೆಕ್ಕಕ್ಕಿಂತ ಘನಮೀಟರಿಗೆ 3 ಕೆಜಿಗಿಂತ ಹೆಚ್ಚು ಆಚೀಚೆ ಇದ್ದರೆ ಆ ವ್ಯಾಗನ್ ಮುಟ್ಟಬೇಡಿ. ಪೆಟ್ರೋಲ್ ಘನಮೀಟರಿಗೆ 720ರಿಂದ 775 ಕೆಜಿ, ಡೀಸೆಲ್ 810ರಿಂದ 845 ಕೆಜಿ. ಎರಡೂ ಇರುವ ರೇಕಿನಲ್ಲಿ ಪೈಪಿನ ಬಣ್ಣ ನೋಡಿ ಜೋಡಿಸಿ ಮೋಸಹೋದವರಿದ್ದಾರೆ, ಹೈಡ್ರೋಮೀಟರ್ ನೋಡಿದವರು ಮೋಸಹೋಗಿಲ್ಲ.

ಬಿಸಿಲಿನ ಲೆಕ್ಕವೂ ಇಲ್ಲೇ ಬರುತ್ತದೆ. ಪೆಟ್ರೋಲ್ ಒಂದು ಡಿಗ್ರಿಗೆ ಸಾವಿರಕ್ಕೆ ಸುಮಾರು 1.2 ಪಾಲು ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ 70 ಕಿಲೋಲೀಟರ್, ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ 15 ಡಿಗ್ರಿ ಏರಿತೆಂದರೆ 1,260 ಲೀಟರ್ ಹೆಚ್ಚು ಜಾಗ ಕೇಳುತ್ತದೆ. ಅದಕ್ಕೇ ಕಂಠಮಟ ತುಂಬುವುದಿಲ್ಲ. ‘ಮೇಲೆ ಜಾಗ ಬಿಟ್ಟು ಮೋಸ ಮಾಡ್ಯಾರ’ ಎಂದು ಸಿಟ್ಟಾಗುವವರು ಉಷ್ಣಾಂಶದ ಕಾಲಂ ಓದಿರುವುದಿಲ್ಲ. ಬೆಳಗಾವಿಯ ಮಳೆಗಾಲದಲ್ಲಿ ತೊಂದರೆ ತಿರುಗಾ ಮುರುಗಾ: ಡೋಮಿನ ಗ್ಯಾಸ್ಕೆಟ್ ಸವೆದಿದ್ದರೆ ನೀರು ಇಳಿಯುತ್ತದೆ. ಬರೀ ಪೆಟ್ರೋಲಿನಲ್ಲಿ ನೀರು ತಳಕ್ಕೆ ಕೂರುತ್ತದೆ, ತೆಗೆಯಬಹುದು. ಆದರೆ ಮುಧೋಳ, ಜಮಖಂಡಿ, ಅಥಣಿ ಕಡೆಯ ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಸೇರಿದ ಮೇಲೆ ಹಾಗಲ್ಲ. ನೀರು ಮಿತಿ ಮೀರಿದರೆ ಎಥೆನಾಲನ್ನೂ ಕರೆದುಕೊಂಡು ಕೆಳಗಿಳಿಯುತ್ತದೆ, ಮೇಲೆ ಉಳಿದ ಪೆಟ್ರೋಲೂ ಕೆಡುತ್ತದೆ. ಹಾಗಾಗಿ ನೀರನ್ನು ವ್ಯಾಗನ್ನಿನಲ್ಲೇ ಹಿಡಿಯಬೇಕು, ಬ್ಲೆಂಡ್ ಆದ ಮೇಲೆ ಅಲ್ಲ.

ಈಗ ಕೈಕೆಲಸ. ಮೊದಲು ಅರ್ಥಿಂಗ್ ಬಾಂಡಿನ (ಸ್ಟ್ಯಾಟಿಕ್ ಕರೆಂಟನ್ನು ನೆಲಕ್ಕೆ ಹರಿಸುವ ತಂತಿ) ಕ್ಲಿಪ್, ನಂತರ ಹೋಸ್. ಬಿಚ್ಚುವಾಗ ಮೊದಲು ಹೋಸ್, ಕೊನೆಗೆ ಕ್ಲಿಪ್. ಈ ಕ್ರಮ ತಪ್ಪಿದರೆ ಕಿಡಿ ಹುಟ್ಟುವುದು ಆವಿ ಇರುವ ಜಾಗದಲ್ಲೇ. ಕ್ಲಿಪ್ಪನ್ನು ಪೇಂಟಿನ ಮೇಲೆ ಕಚ್ಚಿಸಿದರೆ ಹಾಕಿಯೂ ಹಾಕದಂತೆ, ಉಜ್ಜಿ ಲೋಹ ಕಾಣಿಸಬೇಕು.

ವ್ಯಾಗನ್ನಿಗೆ ಎರಡು ವಾಲ್ವ್. ಒಳಗಿನ ಮಾಸ್ಟರ್ ವಾಲ್ವನ್ನು ಡೋಮಿನಿಂದ ತಿರುಗಿಸುವುದು, ಹೊರಗಿನದ್ದು ಕೆಳಗಿನ ಡಿಸ್ಚಾರ್ಜ್ ವಾಲ್ವ್. ಅದರ ಬಾಯಿಗೆ ಬ್ಲಾಂಕ್ ಫ್ಲಾಂಜ್, ಅಂದರೆ ಬೋಲ್ಟ್ ಹಾಕಿ ಮುಚ್ಚಿದ ತಟ್ಟೆ. ಅತಿ ಹೆಚ್ಚು ಎಣ್ಣೆ ಚೆಲ್ಲುವುದು ಈ ಫ್ಲಾಂಜ್ ಬಿಚ್ಚುವಾಗಲೇ. ಮಾಸ್ಟರ್ ವಾಲ್ವಿನ ಸೀಟಿನಲ್ಲಿ ಒಂದು ಚಿಂದಿಯೋ ಕಟ್ಟಿಗೆ ಚೂರೋ ತುಕ್ಕಿನ ಪದರವೋ ಸಿಕ್ಕಿಕೊಂಡಿರುತ್ತದೆ. ಹಿಡಿಕೆ ಬಿಗಿಯಾಗಿ ತಿರುಗುತ್ತದೆ, ವಾಲ್ವ್ ಮಾತ್ರ ಮುಚ್ಚಿರುವುದಿಲ್ಲ. ಆದ್ದರಿಂದ ಕೆಳಗೆ ಅಲ್ಯೂಮಿನಿಯಂ ಬಕೆಟ್ ಇಟ್ಟು, ತಳದ ಎರಡು ಬೋಲ್ಟನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ. ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ನಡುವಿನ ಪೈಪಿನಲ್ಲಿ ನಿಂತ ಎಣ್ಣೆ ಹನಿದು ನಿಂತರೆ ಸರಿ. ನಿಲ್ಲದಿದ್ದರೆ ಬೋಲ್ಟ್ ಮತ್ತೆ ಬಿಗಿ ಮಾಡಿ, ಮೇಲೆ ಹತ್ತಿ ಮಾಸ್ಟರ್ ವಾಲ್ವನ್ನು ಎರಡು ಮೂರು ಸಲ ತೆರೆದು ಮುಚ್ಚಿ. ಕಸ ಸರಿದು ಸೀಟ್ ಕೂರುವುದುಂಟು. ಆಗಲೂ ಆಗದಿದ್ದರೆ ಆ ವ್ಯಾಗನ್ ಬದಿಗಿಟ್ಟು, ರೈಲ್ವೆಯ ಸಿ ಆ್ಯಂಡ್ ಡಬ್ಲ್ಯೂ (ಕ್ಯಾರೇಜ್ ಆ್ಯಂಡ್ ವ್ಯಾಗನ್) ಸಿಬ್ಬಂದಿಗೆ ಬರೆದುಕೊಟ್ಟು, ಮೇಲಿನಿಂದ ಪಂಪ್ ಹಾಕಿ ತೆಗೆಯುವುದು. ಕಬ್ಬಿಣದ ಸುತ್ತಿಗೆಯಿಂದ ಹಿಡಿಕೆಗೆ ಬಡಿಯುವುದು ಹಳೆಯ ಕೆಟ್ಟ ಚಾಳಿ. ಹಿತ್ತಾಳೆ ಸುತ್ತಿಗೆ ಇರುವುದು ಸುಮ್ಮನೆ ಅಲ್ಲ.

ಇಳಿಸುವಾಗ ಡೋಮ್ ಮುಚ್ಚಳ ಸ್ವಲ್ಪ ಎತ್ತಿರಬೇಕು. ಮುಚ್ಚಿಕೊಂಡೇ ಪಂಪ್ ಎಳೆದರೆ ಒಳಗೆ ನಿರ್ವಾತ ಆಗಿ ಹರಿವು ಕುಗ್ಗುತ್ತದೆ, ಪಂಪ್ ಒದರಲು ಶುರು ಮಾಡುತ್ತದೆ, ಟ್ಯಾಂಕಿನ ತಗಡೂ ಒಳಕ್ಕೆ ಕುಸಿಯಬಹುದು.

ದಾರಿಯಲ್ಲಿ ಸೋರಿದರೆ? ಸಣ್ಣ ತೂತಿಗೆ ಬಟ್ಟೆ ಒಗೆಯುವ ಸಾಬೂನು ಒತ್ತಿ ಗೋಣಿ ಸುತ್ತುತ್ತಾರೆ. ಸಾಬೂನು ಪೆಟ್ರೋಲಿನಲ್ಲಿ ಕರಗುವುದಿಲ್ಲವಾದ್ದರಿಂದ ಅಷ್ಟು ಹೊತ್ತು ತಡೆಯುತ್ತದೆ, ಅದು ದುರಸ್ತಿ ಅಲ್ಲ. ಸೋರಿಕೆಗಿಂತ ಹೆಚ್ಚಿನ ತಲೆನೋವು ಕ್ಯಾನ್, ಕೊಡ ಹಿಡಿದು ಓಡಿಬರುವ ಮಂದಿ ಮತ್ತು ಅವರ ಬೈಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಗಟಾರು ಹಿಡಿದು ದೂರ ಹರಿದು ಅಲ್ಲಿ ಕಿಡಿ ಹುಡುಕುತ್ತದೆ. ದೂರದಿಂದಲೇ ಫಲಕ ಓದಿ: 1203 ಪೆಟ್ರೋಲ್, 1202 ಡೀಸೆಲ್, 1075 ಎಲ್‌ಪಿಜಿ, 1005 ಅಮೋನಿಯ, 1830 ಸಲ್ಫ್ಯೂರಿಕ್ ಆ್ಯಸಿಡ್. ಪಕ್ಕದ ಹ್ಯಾಜ್‌ಕೆಮ್ ಸಂಕೇತದ (ಅವಘಡದಲ್ಲಿ ಏನು ಮಾಡಬೇಕೆಂದು ಹೇಳುವ ಗುರುತು) ಮೊದಲ ಅಂಕಿ 2 ಇದ್ದರೆ ನೀರಿನ ತುಂತುರು, 3 ಇದ್ದರೆ ಫೋಮ್, 4 ಇದ್ದರೆ ಒಣ ಪುಡಿ. ಕೊನೆಗೆ ಇ ಅಕ್ಷರವಿದ್ದರೆ ಜನರನ್ನು ತೆರವು ಮಾಡಿಸಬೇಕಾಗಬಹುದು. ಅಂಕಿಯ ಮುಂದೆ ಚುಕ್ಕಿ ಇದ್ದರೆ ಎಥೆನಾಲಿನಂಥ ಸರಕು, ಸಾದಾ ಫೋಮ್ ಅದರ ಮೇಲೆ ನಿಲ್ಲದೆ ಒಡೆಯುತ್ತದೆ, ಆಲ್ಕೋಹಾಲ್ ತಡೆಯುವ ಫೋಮೇ ಬೇಕು.

ಕೊನೆಗೆ ಖಾಲಿ ರೇಕ್. ಪೆಟ್ರೋಲ್ ಆವಿ ಹೊತ್ತಿಕೊಳ್ಳುವುದು ಗಾಳಿಯಲ್ಲಿ ನೂರಕ್ಕೆ 1.4ರಿಂದ 7.6 ಪಾಲು ಬೆರೆತಾಗ. ತುಂಬಿದ ಟ್ಯಾಂಕಿನ ಮೇಲಿರುವ ಚೂರು ಜಾಗದಲ್ಲಿ ಆವಿ ಅದಕ್ಕಿಂತ ದಟ್ಟ. ಎಣ್ಣೆ ಹೋಗಿ ಗಾಳಿ ನುಗ್ಗಿದ ಟ್ಯಾಂಕಿನಲ್ಲಿ 70 ಕಿಲೋಲೀಟರ್ ಜಾಗ ಪೂರ್ತಿ ಹೊತ್ತಿಕೊಳ್ಳುವ ಹದಕ್ಕೆ ಬಂದು ನಿಲ್ಲಬಹುದು. ಅದೇ ವ್ಯಾಗನ್ನಿಗೆ ಮುಂದೆ ಡೀಸೆಲ್ ತುಂಬಿದರೆ ಉಳಿದ ಪೆಟ್ರೋಲ್ ಆವಿಯನ್ನು ಡೀಸೆಲ್ ಹೀರಿ ತೆಳು ಮಾಡುತ್ತದೆ, ಹರಿವಿನಲ್ಲಿ ಹುಟ್ಟಿದ ಸ್ಟ್ಯಾಟಿಕ್ ಕಿಡಿ ಕೊಡುತ್ತದೆ. ತುಂಬುವ ಕಡೆಯವರು ಪೈಪಿನ ಬಾಯಿ ಮುಳುಗುವವರೆಗೆ ಸೆಕೆಂಡಿಗೆ 1 ಮೀಟರ್ ವೇಗ ಮೀರದಿರುವುದು ಇದಕ್ಕೇ.

ಹೀಗಾಗಿ ನಾವು ‘ಖಾಲಿ’ ಎಂದು ಬರೆದುಕೊಡುವ ಮುಂಚೆ ಮಾಸ್ಟರ್ ವಾಲ್ವ್ ಮುಚ್ಚಿ, ಡಿಸ್ಚಾರ್ಜ್ ವಾಲ್ವ್ ಮುಚ್ಚಿ, ಗ್ಯಾಸ್ಕೆಟ್ ಇಟ್ಟು ಫ್ಲಾಂಜಿನ ಬೋಲ್ಟ್ ಎಲ್ಲ ಹಾಕಿ (ಪಾಳಿ ಬದಲಾಗುವ ಹೊತ್ತಿಗೆ ಎರಡೇ ಬೋಲ್ಟಿಗೆ ಕೈ ತೊಳೆದುಕೊಳ್ಳುವವರಿದ್ದಾರೆ), ಡೋಮಿನ ಬೋಲ್ಟ್ ಬಿಗಿ ಮಾಡಿ, ಕ್ಲಿಪ್ ತೆಗೆಯಬೇಕು. ಬೆಂಕಿ ಚಿತ್ರದ ಕೆಂಪು ಫಲಕ ತೆಗೆಯುವುದಿಲ್ಲ. ಗಾರ್ಡ್ ವ್ಯಾಗನ್ ಹೋಗುವಾಗಲೂ ಇರಬೇಕು. ರೈಲ್ವೆಯವರು ಬಂದು ವ್ಯಾಗನ್ ಒಂದೊಂದಾಗಿ ನೋಡಿ ಸಹಿ ಹಾಕಿದ ಮೇಲೆ ಬೆಣೆ ತೆಗೆದು ಗೇಟಿನ ಬೀಗ ಬಿಚ್ಚುತ್ತೇವೆ.