ಹಳೇ ಲೇತ್‌ಗೆ ಎಷ್ಟು ಕೇಳಬೇಕು? ಮರ ಕಡೆಯುವ ಯಂತ್ರಕ್ಕೆ ಬೆಲೆ ಕಟ್ಟುವ ಬಗೆ

ಮರ ಕಡೆಯುವ ಲೇತ್ ಮಾರಲು ಹೊರಟವರು ಮೊದಲು ಮಾಡುವ ಕೆಲಸ ಹಳೇ ಬಿಲ್ ಹುಡುಕುವುದು. ನಾನೂ ಹುಡುಕಿದ್ದೆ. ಬಿಲ್ಲಿನ ಮೊತ್ತದಲ್ಲಿ ಸ್ವಲ್ಪ ಕಳೆದೆ, ಆಮೇಲೆ ಕೊಂಡಿದ್ದ ಚಕ್ಕು (ಮರದ ತುಂಡನ್ನು ಕಚ್ಚಿ ಹಿಡಿಯುವ ಸಾಧನ), ಉಳಿ, ಅದು ಇದು ಎಲ್ಲದರ ದುಡ್ಡನ್ನೂ ಸೇರಿಸಿದೆ, ಒಂದು ಬೆಲೆ ಹೇಳಿದೆ. ಮೂರು ತಿಂಗಳು ಯಾರೂ ತಿರುಗಿ ನೋಡಲಿಲ್ಲ. ನೋಡುವುದಾದರೂ ಯಾಕೆ? ನನ್ನ ಬಿಲ್ ಕಟ್ಟಿಕೊಂಡು ಕೊಳ್ಳುವವರಿಗೇನಾಗಬೇಕು? ಅವರ ತಲೆಯಲ್ಲಿ ಓಡುವ ಲೆಕ್ಕವೇ ಬೇರೆ: ಇದೇ ಕೆಲಸ ಮಾಡುವ ಹೊಸ ಯಂತ್ರ ಇವತ್ತು ಎಷ್ಟಕ್ಕೆ ಬರುತ್ತದೆ, ಇದನ್ನು ತಗೊಂಡರೆ ಮೇಲೆ ಇನ್ನೆಷ್ಟು ಸುರಿಯಬೇಕು. ಆ ಲೆಕ್ಕವನ್ನು ಅವರಿಗಿಂತ ಮೊದಲು ನೀವೇ ಮಾಡಿಟ್ಟುಕೊಂಡರೆ ಚೌಕಾಸಿಗೆ ಕೂತಾಗ ತಡವರಿಸಬೇಕಾಗಿಲ್ಲ.

ಮೊದಲು, ನಿಮ್ಮ ಹತ್ತಿರ ಇರುವುದು ಏನು ಅಂತ ತಿಳಿದುಕೊಳ್ಳಿ

ಯಂತ್ರದ ಮೇಲಿನ ತಗಡಿನ ಪಟ್ಟಿಯಲ್ಲಿ ಕಂಪನಿ, ಮಾಡೆಲ್, ಮೋಟರ್ ಶಕ್ತಿ ಇರುತ್ತದೆ. ಬರೆದುಕೊಳ್ಳಿ. ಪಟ್ಟಿ ಕಿತ್ತುಹೋಗಿದ್ದರೂ ಚಿಂತೆಯಿಲ್ಲ, ಟೇಪು ಹಿಡಿದು ಎರಡು ಅಳತೆ ತೆಗೆದರೆ ಸಾಕು.

ಒಂದು, ಸ್ವಿಂಗ್. ಅಂದರೆ ಬೆಡ್ಡಿಗೆ (ಯಂತ್ರದ ಉದ್ದಕ್ಕೂ ಇರುವ ಅಡಿಪಟ್ಟಿಗೆ) ತಾಗದೆ ತಿರುಗಬಲ್ಲ ಅತಿ ದೊಡ್ಡ ಮರದ ವ್ಯಾಸ. ಇಲ್ಲಿ ಒಂದು ಎಡವಟ್ಟಿದೆ. ಕೆಲವರು ವ್ಯಾಸ ಹೇಳುತ್ತಾರೆ, ಇನ್ನು ಕೆಲವರು ಬೆಡ್ಡಿನಿಂದ ಸ್ಪಿಂಡಲ್ (ಮರವನ್ನು ತಿರುಗಿಸುವ ಅಚ್ಚು) ನಡುವಿನವರೆಗಿನ ಎತ್ತರ ಹೇಳುತ್ತಾರೆ. 150 ಮಿ.ಮೀ. ಎತ್ತರ ಅಂದರೆ 300 ಮಿ.ಮೀ. ಸ್ವಿಂಗ್. ಇದು ಗೊತ್ತಿಲ್ಲದೆ ಹೋಲಿಸಿದರೆ ನಿಮ್ಮ ಯಂತ್ರವನ್ನು ಅದರ ಅರ್ಧ ಗಾತ್ರದ ಯಂತ್ರದ ಬೆಲೆಗೆ ಕೊಟ್ಟುಬಿಡುತ್ತೀರಿ. ಎರಡನೆಯದು ಹೆಡ್‌ಸ್ಟಾಕ್ (ಸ್ಪಿಂಡಲ್ ಇರುವ ತುದಿ) ಮತ್ತು ಟೇಲ್‌ಸ್ಟಾಕ್ (ಮರಕ್ಕೆ ಎದುರಿನಿಂದ ಆನಿಕೆ ಕೊಡುವ, ಬೆಡ್ಡಿನ ಮೇಲೆ ಸರಿಯುವ ಭಾಗ) ಇವೆರಡರ ಮೊನೆಗಳ ನಡುವಿನ ದೂರ. ಬಟ್ಟಲು ಕಡೆಯುವವರಿಗೆ ಸ್ವಿಂಗ್ ಮುಖ್ಯ, ಮೇಜಿನ ಕಾಲು, ಕಂಬ ಕಡೆಯುವವರಿಗೆ ಈ ದೂರ ಮುಖ್ಯ.

ಆಮೇಲೆ ಸ್ಪಿಂಡಲ್ಲಿನ ಮರೆ, ಅಂದರೆ ಥ್ರೆಡ್. ಇದನ್ನು ಹೇಳದೆ ಬಿಡುವವರೇ ಜಾಸ್ತಿ, ಆದರೆ ಅನುಭವಸ್ಥರು ಮೊದಲು ಕೇಳುವುದೇ ಇದನ್ನ. 1 ಇಂಚು ವ್ಯಾಸಕ್ಕೆ ಇಂಚಿಗೆ 8 ಸುತ್ತು, ಒಂದೂಕಾಲು ಇಂಚಿಗೆ 8 ಸುತ್ತು, ಇಲ್ಲವೇ 33 ಮಿ.ಮೀ.ಗೆ 3.5 ಮಿ.ಮೀ. ಅಂತರ: ಇವು ಮೂರರಲ್ಲಿ ಒಂದಾಗಿದ್ದರೆ ಚಕ್ಕು, ಫೇಸ್‌ಪ್ಲೇಟು (ಮರವನ್ನು ಸ್ಕ್ರೂ ಹಾಕಿ ಕೂರಿಸುವ ಬಿಲ್ಲೆ) ಸುಲಭವಾಗಿ ಸಿಗುತ್ತವೆ. ಹಳೇ ಕಾಲದ ವಿಚಿತ್ರ ಅಳತೆಯಾದರೆ ಕೊಳ್ಳುವವರು ಅಡಾಪ್ಟರ್ ಹುಡುಕಬೇಕು, ಅದರ ಖರ್ಚು ನಿಮ್ಮ ಬೆಲೆಯಿಂದಲೇ ಕಳೆಯುತ್ತದೆ. ಸ್ಪಿಂಡಲ್ ಒಳಗಿನ ಮೋರ್ಸ್ ಟೇಪರ್, ಅಂದರೆ ಮೊನೆ ಕೂರುವ, ಒಳಕ್ಕೆ ಹೋದಂತೆ ಕಿರಿದಾಗುವ ತೂತನ್ನೂ ನೋಡಿ. ಬಾಯಿಯ ಅಗಲ ಸುಮಾರು 12 ಮಿ.ಮೀ. ಇದ್ದರೆ 1ನೇ ನಂಬರು, ಸುಮಾರು 18 ಮಿ.ಮೀ. ಇದ್ದರೆ 2ನೇ ನಂಬರು. 2ನೇ ನಂಬರಿನ ಸಾಮಾನು ಹೆಚ್ಚು ಸಿಗುತ್ತದೆ, ಹಾಗಾಗಿ ಅದಕ್ಕೇ ಬೇಡಿಕೆ.

ಹೋಲಿಕೆಗೆ ಹೊಸ ಯಂತ್ರ ಹುಡುಕಿ

ನಿಮ್ಮದೇ ಮಾಡೆಲ್ ಇನ್ನೂ ತಯಾರಾಗುತ್ತಿದ್ದರೆ ಕೆಲಸ ಸುಲಭ, ಇವತ್ತಿನ ಬೆಲೆ ನೋಡಿ. ಅಂಗಡಿಯವರು ನಿಜವಾಗಿ ಕೊಡುವ ಬೆಲೆ ಬೇಕು, ಪಟ್ಟಿಯ ಬೆಲೆ ಅಲ್ಲ. ನಿಂತುಹೋಗಿದ್ದರೆ ಸ್ವಿಂಗ್, ಮೋಟರ್, ತೂಕ ಮೂರೂ ಹತ್ತಿರ ಇರುವ ಇನ್ನೊಂದನ್ನು ಆರಿಸಿ. ತೂಕ ಯಾಕೆ ಅಂದರೆ, ಲೇತಿನಲ್ಲಿ ಭಾರವೇ ಗುಣ. ದಪ್ಪ ಬೀಡು ಕಬ್ಬಿಣದ ಬೆಡ್ಡು ನಡುಕವನ್ನು ನುಂಗಿಕೊಳ್ಳುತ್ತದೆ. ತಗಡು ಬಗ್ಗಿಸಿ ಮಾಡಿದ ಬೆಡ್ಡಿನ ಮೇಲೆ ಓರೆಕೋರೆ ಮರದ ತುಂಡು ತಿರುಗಿದರೆ ಇಡೀ ಸ್ಟ್ಯಾಂಡೇ ಕುಣಿಯುತ್ತದೆ. ಅದಕ್ಕೇ ಒಂದೇ ಸ್ವಿಂಗಿನ ಎರಡು ಯಂತ್ರಗಳ ಬೆಲೆ ಎಷ್ಟೋ ಪಟ್ಟು ಬೇರೆ ಇರಬಹುದು.

ಹೆಸರಿಗೂ ಬೆಲೆ ಇದೆ, ನಿಜ. ಪವರ್‌ಮ್ಯಾಟಿಕ್, ಒನ್‌ವೇ, ವಿಕ್‌ಮಾರ್ಕ್‌ನಂಥ ಭಾರೀ ಯಂತ್ರಗಳು ಬೆಲೆ ಉಳಿಸಿಕೊಳ್ಳುತ್ತವೆ. ಇಂಗ್ಲೆಂಡಿನಲ್ಲಿ ಹ್ಯಾರಿಸನ್ ಹೆಸರಲ್ಲಿ, ಆಮೇಲೆ ಯೂನಿಯನ್ ಹೆಸರಲ್ಲಿ ಬಂದ ಗ್ರಾಜುಯೇಟ್ ಲೇತ್‌ಗಳನ್ನು ಈಗಲೂ ಹುಡುಕಿಕೊಂಡು ಹೋಗಿ ಕೊಳ್ಳುವವರಿದ್ದಾರೆ. ಆದರೆ ಬರೀ ಹೆಸರು ನೋಡಿ ಹಿಗ್ಗಬೇಡಿ. ಒಂದೇ ಕಂಪನಿ ಅಗ್ಗದ ಯಂತ್ರವನ್ನೂ ಮಾಡಿರುತ್ತದೆ.

ಬಳಸಿದ ಯಂತ್ರಗಳ ಜಾಹೀರಾತನ್ನೂ ಎರಡು ಮೂರು ವಾರ ಗಮನಿಸಿ. ಅಲ್ಲಿ ಬರೆದಿರುವುದು ಕೇಳುವ ಬೆಲೆ, ಮಾರಾಟವಾದ ಬೆಲೆ ಅಲ್ಲ. ಒಂದು ವಾರದಲ್ಲಿ ಮಾಯವಾದ ಜಾಹೀರಾತು ಪಾಠ ಹೇಳುತ್ತದೆ. ಆರು ತಿಂಗಳಿಂದ ಕದಲದೆ ಕೂತಿರುವುದು ಮಾರುವವರ ಆಸೆ ಅಷ್ಟೇ, ಸುಮ್ನೆ ಬಿಟ್ಟುಬಿಡಿ.

ಇನ್ನು ತಪಾಸಣೆ. ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಬೇಕು

ಪ್ಲಗ್ ಕಿತ್ತುಬಿಡಿ. ಬೆಲ್ಟ್ ಸಡಿಲಿಸಿ ಪಕ್ಕಕ್ಕೆ ಸರಿಸಿ. ಈಗ ಸ್ಪಿಂಡಲ್ಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಬೆಣ್ಣೆಯ ಹಾಗೆ ತಿರುಗಬೇಕು. ಮರಳು ಅರೆದಂತೆ ಸದ್ದು ಬಂದರೆ, ಕೈಗೆ ಗರಗರ ಅನ್ನಿಸಿದರೆ ಬೇರಿಂಗ್ ಹೋಗಿದೆ. ಸ್ಪಿಂಡಲ್ಲನ್ನು ಮೇಲಕ್ಕೆ ಕೆಳಕ್ಕೆ ಜಗ್ಗಿ ನೋಡಿ, ಆಟ ಇರಬಾರದು. ಡಯಲ್ ಗೇಜ್ (ಸಣ್ಣ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಸಿಕ್ಕರೆ ಸ್ಪಿಂಡಲ್ ಬಾಯಿಗೆ ಹಿಡಿದು ಒಂದು ಸುತ್ತು ತಿರುಗಿಸಿ. ಒಳ್ಳೇ ಯಂತ್ರದಲ್ಲಿ ಮುಳ್ಳು ಒಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ ಅಲುಗುತ್ತದೆ. ಕಣ್ಣಿಗೇ ಕಾಣುವಷ್ಟು ಒಲೆದರೆ ಸ್ಪಿಂಡಲ್ ಬಗ್ಗಿರಬಹುದು.

ಬೇರಿಂಗ್ ಹೋಗಿದೆ ಅಂತ ಬೆಲೆಯನ್ನು ಅರ್ಧಕ್ಕೆ ಇಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಹಳಷ್ಟು ಲೇತ್‌ಗಳಲ್ಲಿ ಇರುವುದು ಎಲ್ಲೆಡೆ ಸಿಗುವ ಮಾಮೂಲಿ ಬೇರಿಂಗ್, ನಂಬರ್ ಅದರ ಮೇಲೇ ಕೆತ್ತಿರುತ್ತದೆ. ಹಳೆಯದನ್ನು ಹೊಡೆದು ತೆಗೆಯುವುದೇ ಪರದಾಟ, ಸಾಮಾನಿನ ಖರ್ಚು ಕಡಿಮೆ. ನಿಜವಾಗಿ ಹೆದರಬೇಕಾದದ್ದು ಬಿರುಕು ಬಿಟ್ಟ ಬೀಡಿಗೆ, ತಿರುಚಿಕೊಂಡ ಬೆಡ್ಡಿಗೆ, ಎಲ್ಲೂ ಸಿಗದ ಬಿಡಿಭಾಗಕ್ಕೆ.

ಹೆಡ್‌ಸ್ಟಾಕಿಗೊಂದು, ಟೇಲ್‌ಸ್ಟಾಕಿಗೊಂದು ಮೊನೆ ಹಾಕಿ ಎರಡನ್ನೂ ಹತ್ತಿರ ತನ್ನಿ. ಮೊನೆಗೆ ಮೊನೆ ಸೇರಬೇಕು. ಸ್ವಲ್ಪ ತಪ್ಪಿದರೆ ಕೆಲವು ಯಂತ್ರಗಳಲ್ಲಿ ಹೆಡ್‌ಸ್ಟಾಕನ್ನು ಸಡಿಲಿಸಿ ಸರಿ ಮಾಡಬಹುದು, ಬೆಡ್ಡೇ ತಿರುಚಿದ್ದರೆ ಆಗುವುದಿಲ್ಲ. ಟೇಲ್‌ಸ್ಟಾಕಿನ ಚಕ್ರ ಪೂರ್ತಿ ತಿರುಗಿಸಿ, ಬಿಗಿ ಹಿಡಿಕೆಗಳು ನಿಜವಾಗಿಯೂ ಬಿಗಿ ಹಿಡಿಯುತ್ತವಾ ನೋಡಿ. ಉಳಿ ಆನಿಸುವ ಟೂಲ್ ರೆಸ್ಟ್ ಮೇಲಿನ ಕಚ್ಚುಗಳಿಗೆ ತಲೆ ಕೆಡಿಸಿಕೊಳ್ಳಬೇಡಿ, ಅರದಿಂದ ಹತ್ತು ನಿಮಿಷ ಉಜ್ಜಿದರೆ ಹೋಗುತ್ತವೆ. ಬೆಡ್ಡಿನ ಮೇಲಿನ ತೆಳು ತುಕ್ಕೂ ಅಷ್ಟೇ.

ಮೋಟರ್ ವಿಷಯದಲ್ಲಿ ನನಗೊಂದು ಕಥೆ ಇದೆ. ನನ್ನ ಮೊದಲ ಲೇತ್ ನೋಡಲು ಹೋದಾಗ ಅದು ಆಗಲೇ ತಿರುಗುತ್ತಾ ಇತ್ತು. ಸದ್ದು ಚೆನ್ನಾಗಿತ್ತು, ದುಡ್ಡು ಕೊಟ್ಟು ತಂದೆ. ಮನೆಯಲ್ಲಿ ಸ್ವಿಚ್ ಹಾಕಿದರೆ ಗುಂಯ್ ಅಂತ ನಿಂತಲ್ಲೇ ಗುನುಗಿತು, ತಿರುಗಲಿಲ್ಲ. ಕೈಯಿಂದ ಒಂದು ತಳ್ಳು ಕೊಟ್ಟರೆ ಮಾತ್ರ ಓಡುತ್ತಿತ್ತು. ಮೋಟರಿಗೆ ಮೊದಲ ತಳ್ಳು ಕೊಡುವ ಸ್ಟಾರ್ಟ್ ಕೆಪಾಸಿಟರ್ ಸತ್ತಿತ್ತು. ಸಣ್ಣ ಖರ್ಚಿನ ರಿಪೇರಿ, ಆದರೆ ಆ ಮಾರಿದವರನ್ನು ನಾನು ಮತ್ತೆ ನಂಬಲಿಲ್ಲ. ನೀವು ಮಾರುವಾಗ ಯಂತ್ರ ತಣ್ಣಗಿರಲಿ, ಸ್ವಿಚ್ಚನ್ನು ಬಂದವರೇ ಹಾಕಲಿ.

ವೇಗ ಬದಲಿಸುವ ಬಗೆಯೂ ಬೆಲೆಯನ್ನು ಅಲ್ಲಾಡಿಸುತ್ತದೆ. ಮೆಟ್ಟಿಲು ಪುಲ್ಲಿಯ ಮೇಲೆ ಬೆಲ್ಟ್ ಸರಿಸುವುದು ಹಳೇ ಕ್ರಮ, ರಗಳೆ, ಆದರೆ ಕೆಡಲು ಅಲ್ಲಿ ಏನೂ ಇಲ್ಲ. ಅಗಲ ಹಿಗ್ಗಿ ಕುಗ್ಗುವ ಪುಲ್ಲಿ ಇರುವ ಯಂತ್ರದಲ್ಲಿ ಪುಲ್ಲಿ ಸವೆದಿರಬಹುದು. ಓಡುತ್ತಿರುವಾಗ ಅತಿ ಕಡಿಮೆಯಿಂದ ಅತಿ ಹೆಚ್ಚಿಗೆ ನಿಧಾನವಾಗಿ ಒಯ್ದು ನೋಡಿ, ಕಟಕಟ ಸದ್ದು ಬಂದರೆ ಅದೇ. ಗುಂಡಿ ತಿರುಗಿಸಿ ವೇಗ ಬದಲಿಸುವ ಎಲೆಕ್ಟ್ರಾನಿಕ್ ಯಂತ್ರವೇ ಎಲ್ಲರಿಗೂ ಬೇಕು. ಬೆಲೆಯೂ ಅದಕ್ಕೇ ಹೆಚ್ಚು. ಆದರೆ ಕಂಟ್ರೋಲ್ ಬೋರ್ಡ್ ಹೋಗಿ ಅದು ಈಗ ಸಿಗದಿದ್ದರೆ ಯಂತ್ರ ಬೇರೆ ಮೋಟರ್ ಹಾಕಿಸಿಕೊಳ್ಳುವ ಸ್ಥಿತಿಗೆ ಬಂತು ಅಂತಲೇ ಲೆಕ್ಕ. ಮೂರು ಫೇಸ್ ಮೋಟರ್ ಇದ್ದರೆ ಮನೆಯಲ್ಲಿ ಒಂದೇ ಫೇಸ್ ಇರುವವರು ಹಿಂಜರಿಯುತ್ತಾರೆ. ಒಂದು ಫೇಸ್ ತಗೊಂಡು ಮೂರು ಫೇಸ್ ಕೊಡುವ ಇನ್ವರ್ಟರ್ ಡ್ರೈವ್ ಹಾಕಬಹುದು, ವೇಗವೂ ಗುಂಡಿಯಲ್ಲೇ ಬದಲಾಗುತ್ತದೆ, ಅದನ್ನು ಅವರಿಗೆ ಹೇಳಿ. ಆ ಖರ್ಚನ್ನು ಬೆಲೆಯಲ್ಲಿ ಬಿಡಲೂ ತಯಾರಿರಿ.

ಜೊತೆಯ ಸಾಮಾನು ಬೇರೆ ಲೆಕ್ಕ

ನನ್ನ ಮೂರು ತಿಂಗಳು ಹಾಳಾದದ್ದು ಇಲ್ಲೇ. ಎಲ್ಲವನ್ನೂ ಒಂದು ಮೂಟೆ ಕಟ್ಟಿ ಒಂದೇ ಬೆಲೆ ಹೇಳಿದ್ದೆ. ಹೊಸದಾಗಿ ಕಲಿಯುವವರಿಗೆ ಪೂರ್ತಿ ಸೆಟ್ ಇಷ್ಟ, ಅವರಿಗೆ ಏನು ಬೇಕು ಅಂತಲೇ ಗೊತ್ತಿರುವುದಿಲ್ಲ. ಆದರೆ ಆಗಲೇ ಎರಡು ಚಕ್ಕು ಇರುವವರು ಮೂರನೆಯದಕ್ಕೆ ಯಾಕೆ ದುಡ್ಡು ಕೊಡುತ್ತಾರೆ? ಹಾಗಾಗಿ ಯಂತ್ರಕ್ಕೊಂದು, ಸಾಮಾನಿಗೊಂದು, ಎಲ್ಲ ಸೇರಿ ಒಂದು, ಹೀಗೆ ಮೂರು ಬೆಲೆ ಇಟ್ಟುಕೊಳ್ಳಿ. ಒಳಗಿನ ಥ್ರೆಡ್ ತುಂಡನ್ನು ಬದಲಿಸಬಹುದಾದ ಚಕ್ಕು ಬಹಳಷ್ಟು ಯಂತ್ರಗಳಿಗೆ ಹೊಂದುತ್ತದೆ, ಅದನ್ನು ಬೇರೆಯಾಗಿ ಮಾರಿದರೇ ಲಾಭ ಜಾಸ್ತಿ.

ಉಳಿಗಳು ಹೈ ಸ್ಪೀಡ್ ಸ್ಟೀಲಾ ಇಲ್ಲ ಮಾಮೂಲಿ ಕಾರ್ಬನ್ ಉಕ್ಕಾ ಗೊತ್ತಾಗದಿದ್ದರೆ ಕನ್ನಡಕ ಹಾಕಿಕೊಂಡು ಗ್ರೈಂಡರಿಗೆ ಮುಟ್ಟಿಸಿ. ಬೆಳ್ಳಗೆ ಹೂಬತ್ತಿಯಂತೆ ಕವಲೊಡೆದು ಚಿಮ್ಮಿದರೆ ಕಾರ್ಬನ್. ಮಂಕಾದ ಕೆಂಪು ಕಿಡಿ ಬಂದರೆ ಹೈ ಸ್ಪೀಡ್, ಅದಕ್ಕೇ ಬೆಲೆ. ಮಸೆದು ಮಸೆದು ಮೋಟಾಗಿದ್ದರೆ ಎರಡಕ್ಕೂ ಇಲ್ಲ.

ಈಗ ಕೂಡಿ ಕಳೆಯಿರಿ

ಹೋಲಿಕೆಯ ಹೊಸ ಯಂತ್ರದ ಬೆಲೆ 100 ಅಂತ ಇಟ್ಟುಕೊಳ್ಳಿ. ಚೆನ್ನಾಗಿ ಓಡುವ, ಬಿಡಿಭಾಗ ಸಿಗುವ ಬೀಡಿನ ಲೇತ್‌ಗೆ ನಾನು 55ರಿಂದ ಶುರು ಮಾಡುತ್ತೇನೆ. ಹುಡುಕಿಕೊಂಡು ಬರುವಂಥ ಭಾರೀ ಯಂತ್ರವಾದರೆ 65, 70. ತಗಡಿನ ಹಗುರ ಯಂತ್ರವಾದರೆ 35. ಇದು ನನ್ನ ಕೈಲೆಕ್ಕ, ನೀವು ನೋಡಿದ ಜಾಹೀರಾತುಗಳು ಬೇರೆ ಹೇಳಿದರೆ ಅದನ್ನೇ ನಂಬಿ.

ನಮ್ಮದು 55ರ ಯಂತ್ರ ಅನ್ನೋಣ. ಬೇರಿಂಗ್ ಬದಲಿಸಲು ಸಾಮಾನು, ಕೂಲಿ ಸೇರಿ 5. ಆದರೆ ಕೊಳ್ಳುವವರು ತಲೆನೋವಿಗೂ ಒಂದಿಷ್ಟು ಕಳೆಯುತ್ತಾರೆ, 7 ಅನ್ನಿ. ಟೇಲ್‌ಸ್ಟಾಕಿನ ತಿರುಗುವ ಮೊನೆ ಕಳೆದುಹೋಗಿದೆ, 3. ಉಳಿಯಿತು 45. ಹೊಸದಕ್ಕೆ 15 ಆಗುವ ಚಕ್ಕಿಗೆ 8, ಉಳಿಗಳಿಗೆ 4 ಸೇರಿಸಿ. ಒಟ್ಟು 57. ಕೇಳುವುದು 63, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಅನ್ನುವ ಗೆರೆ 52. ಗಮನಿಸಿದಿರಾ, ಬೇರಿಂಗನ್ನು ನೀವೇ ಹಾಕಿಸಿದರೆ ಖರ್ಚು 5, ಬೆಲೆ ಏರುವುದು 7. ಅದೇ ಹೊಸ ಬಣ್ಣ ಬಳಿಯಲು ಹೋದರೆ ಹಾಕಿದ ದುಡ್ಡೂ ಬರುವುದಿಲ್ಲ, ಏನೋ ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ ಬೇರೆ. ಒರೆಸಿ, ಬೆಡ್ಡಿಗೆ ತೆಳುವಾಗಿ ಮೇಣ ಹಚ್ಚಿ, ಸಾಕು.

ಸಾಗಾಟವನ್ನು ಮರೆಯಬೇಡಿ. ದೊಡ್ಡ ಲೇತ್ 300 ಕೆ.ಜಿ. ತೂಗುವುದೂ ಉಂಟು, ದೂರದಿಂದ ಬರುವವರು ಗಾಡಿ ಬಾಡಿಗೆಯನ್ನು ನಿಮ್ಮ ಬೆಲೆಯಿಂದಲೇ ಮುರಿಯಲು ನೋಡುತ್ತಾರೆ. ಬೆಡ್ಡಿನ ಕೊನೆಯ ತಡೆ ತೆಗೆದರೆ ಟೇಲ್‌ಸ್ಟಾಕು, ಟೂಲ್ ರೆಸ್ಟಿನ ಬುಡ, ಎಷ್ಟೋ ಯಂತ್ರಗಳಲ್ಲಿ ಹೆಡ್‌ಸ್ಟಾಕೂ ಜಾರಿ ಹೊರಬರುತ್ತವೆ. ಬಿಚ್ಚಿ ಕೊಡುತ್ತೇನೆ, ಎತ್ತಲು ಕೈ ಹಾಕುತ್ತೇನೆ ಅಂತ ಜಾಹೀರಾತಿನಲ್ಲೇ ಬರೆದುಬಿಡಿ. ನನ್ನದು ಕೊನೆಗೂ ಹೋದದ್ದು ಹಾಗೆ, ಚಕ್ಕು ಇಲ್ಲದೆ, ನಾಲ್ಕು ತುಂಡಾಗಿ, ಒಂದು ಸಣ್ಣ ಗಾಡಿಯಲ್ಲಿ. ಗಾಡಿ ತಿರುವು ದಾಟಿದ ಮೇಲೆ ನೋಡಿದರೆ ಮೊನೆ ಹೊಡೆದು ತೆಗೆಯುವ ಕಬ್ಬಿಣದ ಸರಳು ಗೋಡೆಗೆ ಒರಗಿ ನಿಂತಿತ್ತು, ಅದನ್ನು ಹಿಡಿದುಕೊಂಡು ಹಿಂದೆ ಓಡಿದೆ.