ಟ್ರಾನ್ಸ್‌ಸೀವರ್ ಒಳಗಿನ ರಾಸ್ಪ್‌ಬೆರಿ ಪೈ 5ಕ್ಕೆ ಪವರ್ ಕೊಡುವ ಬಗೆ

ಟ್ರಾನ್ಸ್‌ಸೀವರ್ ಎಂದರೆ ಸಂಕೇತ ಕಳಿಸುವ, ಹಿಡಿಯುವ ಎರಡೂ ಕೆಲಸ ಮಾಡುವ ರೇಡಿಯೋ. ಅದರೊಳಗೆ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಇದ್ದ ಜಾಗದಲ್ಲಿ ಪೈ 5 ಕೂರಿಸಿದರೆ ರೇಡಿಯೋ ಆನ್ ಆಗುತ್ತದೆ, ಸ್ವಲ್ಪ ಹೊತ್ತು ನಡೆಯುತ್ತದೆ ಕೂಡ. ಡಿಕೋಡಿಂಗ್ ಶುರುವಾಗಿ ಪ್ರೊಸೆಸರ್ ಮೇಲೆ ಹೊರೆ ಬಿದ್ದಾಗ ರೀಬೂಟ್ ಆದರೆ ಮೊದಲು ನೋಡಬೇಕಾದದ್ದು 5 ವೋಲ್ಟ್ ಲೈನನ್ನು. ಪೈ 4ಕ್ಕೆ 3 ಆಂಪ್ ಸಾಕಿತ್ತು, ಪೈ 5 ಕೇಳುವುದು 5 ಆಂಪ್.

ಲೀನಿಯರ್ ರೆಗ್ಯುಲೇಟರ್ ಇಲ್ಲಿ ಬೇಡ. ರೇಡಿಯೋಗೆ ಬರುವ 13.8 ವೋಲ್ಟಿನಿಂದ 5ಕ್ಕೆ ಇಳಿಸುವಾಗ 3 ಆಂಪ್‌ಗೇ 26 ವ್ಯಾಟ್ ಶಾಖ ಪೆಟ್ಟಿಗೆಯೊಳಗೆ ಉಳಿಯುತ್ತದೆ. 8 ಆಂಪ್ ಸಾಮರ್ಥ್ಯದ ಬಕ್ ಕನ್ವರ್ಟರ್ (ವೇಗವಾಗಿ ಆನ್-ಆಫ್ ಮಾಡುತ್ತ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಹಾಕಿ, 13.8 ವೋಲ್ಟ್ ಕಡೆ 4 ಆಂಪ್ ಫ್ಯೂಸ್ ಇರಲಿ. ಪೈಗೆ ಜೋಡಿಸುವ ಮೊದಲೇ ಔಟ್‌ಪುಟ್ಟನ್ನು 5.1 ವೋಲ್ಟಿಗೆ ಹೊಂದಿಸಿ. ಆಮೇಲೆ 1 ಓಮ್, 50 ವ್ಯಾಟ್ ರೆಸಿಸ್ಟರ್ ಕಟ್ಟಿ ಹತ್ತು ನಿಮಿಷ ಓಡಿಸಿ. ರೆಸಿಸ್ಟರನ್ನು ಹೀಟ್‌ಸಿಂಕ್ ಮೇಲೆ ಕೂರಿಸಿ, ಕೈ ತಾಗಿಸಬೇಡಿ. ಇಲ್ಲಿ ವೋಲ್ಟೇಜ್ ಕುಸಿದರೆ ಆ ಕನ್ವರ್ಟರ್ ಬೇಡ.

ವೈರು 18 ಗೇಜ್, ಆದಷ್ಟು ಗಿಡ್ಡ. 24 ಗೇಜ್ ತೆಳು ವೈರಿನಲ್ಲಿ ಹೋಗಿ ಬರುವ 40 ಸೆಂಟಿಮೀಟರಿಗೇ 5 ಆಂಪ್‌ನಲ್ಲಿ ಸುಮಾರು 0.17 ವೋಲ್ಟ್ ಕಳೆದುಹೋಗುತ್ತದೆ. ಪೈ ಬೋರ್ಡಿನ ಪಿನ್ ಸಾಲಾದ ಜಿಪಿಐಒ ಹೆಡರಿನ 2 ಮತ್ತು 4ನೇ ಪಿನ್ ಎರಡಕ್ಕೂ 5 ವೋಲ್ಟ್, 6, 9, 14ಕ್ಕೆ ಗ್ರೌಂಡ್ ಕೊಡಿ. ಬ್ರೆಡ್‌ಬೋರ್ಡಿನ ಒಂಟಿ ಜಂಪರ್ ವೈರು ಈ ಕೆಲಸಕ್ಕಲ್ಲ. ಪ್ಲಸ್ ಮೈನಸ್ ಅದಲುಬದಲಾದರೆ ಬೋರ್ಡು ಹೋಯಿತೆಂದೇ ತಿಳಿಯಿರಿ, ಮಲ್ಟಿಮೀಟರಿನಲ್ಲಿ ಎರಡೆರಡು ಸಲ ನೋಡಿ. ಹೆಡರಿಗೆ ಪವರ್ ಇರುವಾಗ ಯುಎಸ್‌ಬಿ-ಸಿ ಚಾರ್ಜರ್ ಚುಚ್ಚಬೇಡಿ.

ಹೆಡರಿನಿಂದ ಪವರ್ ಬಂದಾಗ 5 ಆಂಪ್ ಸಿಗುತ್ತದೆಂದು ಪೈಗೆ ಗೊತ್ತಾಗುವ ದಾರಿಯಿಲ್ಲ. ಹಾಗಾಗಿ ಎಲ್ಲ ಯುಎಸ್‌ಬಿ ಪೋರ್ಟುಗಳಿಗೂ ಸೇರಿ 600 ಮಿಲಿಆಂಪ್ ಮಾತ್ರ ಬಿಡುತ್ತದೆ. ಬೂಟ್ ಫೋಲ್ಡರಿನ ಕಾನ್ಫಿಗ್ ಫೈಲಿನಲ್ಲಿ ಯುಎಸ್‌ಬಿ_ಮ್ಯಾಕ್ಸ್_ಕರೆಂಟ್_ಎನೇಬಲ್ ಅನ್ನು 1 ಮಾಡಿದರೆ ಆ ಮಿತಿ 1.6 ಆಂಪ್‌ಗೆ ಏರುತ್ತದೆ. ಕನ್ವರ್ಟರ್ ನಿಜವಾಗಿ 5 ಆಂಪ್ ಕೊಡುತ್ತದೆಂದು ಖಚಿತವಾದ ಮೇಲಷ್ಟೇ ಇದನ್ನು ಮಾಡಿ.

ಇನ್ನು ಗದ್ದಲ. ರೇಡಿಯೋದಲ್ಲಿ ಇದೇ ದೊಡ್ಡ ತಲೆನೋವು. ಬಕ್ ಕನ್ವರ್ಟರ್ 300 ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಮಾಡಿದರೆ ಪ್ರತಿ 300 ಕಿಲೋಹರ್ಟ್ಸಿಗೊಂದು ಹಾರ್ಮೋನಿಕ್ ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಬ್ಯಾಂಡುಗಳ ಉದ್ದಕ್ಕೂ ಬೀಳುತ್ತದೆ. ಕನ್ವರ್ಟರನ್ನು ತಗಡಿನ ಡಬ್ಬಿಯೊಳಗಿಟ್ಟು ಡಬ್ಬಿಯನ್ನು ಷಾಸಿಗೆ ಬೆಸೆಯಿರಿ. ಇನ್‌ಪುಟ್ಟಿಗೆ 10 ಮೈಕ್ರೋಹೆನ್ರಿ ಚೋಕ್, ಅದರಾಚೆ ಈಚೆ 100 ಮೈಕ್ರೋಫ್ಯಾರಡ್ ಕಪಾಸಿಟರ್. ಇನ್‌ಪುಟ್, ಔಟ್‌ಪುಟ್ ಎರಡರಲ್ಲೂ ಪ್ಲಸ್ ಮೈನಸ್ ವೈರುಗಳನ್ನು ಜೊತೆಯಾಗಿಯೇ 31 ಮಿಕ್ಸ್ (ಫೆರೈಟ್ ವಸ್ತುವಿನ ಒಂದು ಬಗೆ) ಫೆರೈಟ್ ರಿಂಗಿಗೆ ಐದಾರು ಸುತ್ತು ಸುತ್ತಿ. ಒಂದೇ ವೈರು ಸುತ್ತಿದರೆ ಡಿಸಿ ಕರೆಂಟಿನ ಕಾಂತಕ್ಷೇತ್ರಕ್ಕೆ ಫೆರೈಟ್ ಸ್ಯಾಚುರೇಟ್ ಆಗಿ ಪ್ರಯೋಜನವಾಗದು.

ಆಂಟೆನಾ ಬದಲು ಡಮ್ಮಿ ಲೋಡ್ (ಪವರನ್ನು ಗಾಳಿಗೆ ಬಿಡದೆ ಶಾಖವಾಗಿಸುವ ರೆಸಿಸ್ಟರ್) ಹಾಕಿ ಪ್ರತಿ ಬ್ಯಾಂಡ್ ಕೇಳಿ. ಕನ್ವರ್ಟರ್ ತಪ್ಪಿಸಿ ಪೈಯನ್ನು ಬೇರೆ ಪವರ್‌ಬ್ಯಾಂಕಿನಿಂದ ನಡೆಸಿದಾಗಲೂ ಗದ್ದಲ ಹಾಗೇ ಇದ್ದರೆ ಮೂಲ ಪೈಯೋ ಅದರ ಡಿಸ್ಪ್ಲೇ ಕೇಬಲ್ಲೋ ಆಗಿರಬಹುದು. ಕೊನೆಗೆ ಪೂರ್ತಿ ಹೊರೆಯಲ್ಲಿ, ಪೈಯ ಪಿನ್‌ಗಳ ಮೇಲೆಯೇ ವೋಲ್ಟೇಜ್ ಅಳೆಯಿರಿ: 4.9ರ ಕೆಳಗೆ ಬರಬಾರದು, 4.63ರ ಸುಮಾರಿಗೆ ಪೈ ಲೋ-ವೋಲ್ಟೇಜ್ ಎಚ್ಚರಿಕೆ ಕೊಡುತ್ತದೆ. ಅದೇ ಡಮ್ಮಿ ಲೋಡಿಗೆ ಪೂರ್ತಿ ಪವರಿನಲ್ಲಿ ಟ್ರಾನ್ಸ್‌ಮಿಟ್ ಮಾಡಿಯೂ ನೋಡಿ. ಆಗ ಮಾತ್ರ ವೋಲ್ಟೇಜ್ ಕುಣಿದರೆ 13.8 ವೋಲ್ಟ್ ಲೈನ್ ಜಗ್ಗುತ್ತಿದೆಯೇ ಎಂದು ಮೊದಲು ಅಳೆಯಿರಿ. ಅದು ಸರಿಯಿದ್ದರೆ ಟ್ರಾನ್ಸ್‌ಮಿಟರಿನ ಆರ್‌ಎಫ್ (ರೇಡಿಯೋ ಸಂಕೇತ) ಕನ್ವರ್ಟರಿನೊಳಗೆ ನುಗ್ಗುತ್ತಿರಬಹುದು, ಔಟ್‌ಪುಟ್ಟಿಗೆ 0.1 ಮೈಕ್ರೋಫ್ಯಾರಡ್ ಮತ್ತು 1 ನ್ಯಾನೋಫ್ಯಾರಡ್ ಸೆರಾಮಿಕ್ ಕಪಾಸಿಟರ್ ಸೇರಿಸಿ.